ನೀರಿನ ಜೊತೆ ಹೋದ ಹೆಕ್ಸೇನ್

ಫಿಲ್ಟರಿನ ಅರಿವೆಗಳು ಹಲಗೆಯ ಹಾಗೆ ಬಿರುಸಾಗಿವೆ, ಎಣ್ಣೆ ಇಳಿಯುತ್ತಿಲ್ಲ ಎಂದು ಮ್ಯಾನೇಜರರು ನನ್ನ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕೂಗಾಡಿದ್ದು ಕಾರ್ತಿಕ ಮಾಸದಲ್ಲಿ. ಎಂಬತ್ತರ ದಶಕದ ಶುರುವಿನ ಮಾತು. ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯ ಬದಿಗೆ, ಭತ್ತದ ಗದ್ದೆಗಳ ನಡುವೆ, ತೌಡಿನಿಂದ ಎಣ್ಣೆ ತೆಗೆಯುವ ಒಂದು ಕಾರ್ಖಾನೆ. ಅಲ್ಲಿ ನಾನು ಕೆಮಿಸ್ಟ್. ತೌಡು ಹೊರುವ, ಅರಿವೆ ತೊಳೆಯುವ ಹೆಂಗಸರನ್ನು ಬಿಟ್ಟರೆ ಹೆಣ್ಣು ಅಂತ ಇದ್ದವಳು ನಾನೊಬ್ಬಳೇ. ಸಾಲಿಯ ಟೀಚರನ್ನು ಕರೆಯುವ ಹಾಗೆ ಎಲ್ಲರೂ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ಅದು ನನಗೆ ಹಿತವಾಗಿಯೇ ಇತ್ತು. ಸ್ವಲ್ಪ ತಲೆಗೂ ಏರಿತ್ತು ಎಂದು ಈಗ ಒಪ್ಪಿಕೊಳ್ಳಬಹುದು.

ಕೆಲಸದ ಕ್ರಮ ಹೀಗಿತ್ತು. ಸುತ್ತಲಿನ ಅಕ್ಕಿ ಗಿರಣಿಗಳಿಂದ ಬಂದ ತೌಡನ್ನು ದೊಡ್ಡ ಕೊಳಗಗಳಿಗೆ ತುಂಬಿ, ಅದರ ಮೇಲೆ ಹೆಕ್ಸೇನ್ ಎಂಬ ದ್ರವ ಹಾಯಿಸುತ್ತಿದ್ದೆವು. ತೌಡಿನಲ್ಲಿರುವ ಎಣ್ಣೆಯನ್ನೆಲ್ಲ ಹೆಕ್ಸೇನ್ ತನ್ನೊಳಗೆ ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ. ಅದನ್ನು ಅರಿವೆಯ ಫಿಲ್ಟರಿನಲ್ಲಿ ಸೋಸಿ, ಉಗಿಯಿಂದ ಕಾಯಿಸಿದರೆ ಹೆಕ್ಸೇನ್ ಆವಿಯಾಗಿ ಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಹೋದ ಆವಿಯನ್ನು ತಣಿಸಿ ಮತ್ತೆ ದ್ರವ ಮಾಡಿ ಟ್ಯಾಂಕಿಗೆ ಕಳಿಸಬೇಕು. ಆದರೆ ಅದರ ಜೊತೆ ಉಗಿಯ ನೀರೂ ಬಂದಿರುತ್ತದಲ್ಲ, ಎರಡನ್ನೂ ಬೇರೆ ಮಾಡಲು ಸೆಪರೇಟರ್ ಎಂಬ ಒಂದು ಎತ್ತರದ ಡ್ರಮ್ಮು. ಅದರಲ್ಲಿ ಯಂತ್ರ ಅಂತ ಏನೂ ಇಲ್ಲ. ಸುಮ್ಮನೆ ನಿಲ್ಲಲು ಬಿಟ್ಟರೆ ಸಾಕು, ಹಗುರಾದ ಹೆಕ್ಸೇನ್ ಮೇಲೆ, ನೀರು ಕೆಳಗೆ. ಮೇಲಿನದು ಟ್ಯಾಂಕಿಗೆ ಹೋಗುತ್ತದೆ, ಕೆಳಗಿನದು ಹೊರಗಿನ ಗುಂಡಿಗೆ, ಅಲ್ಲಿಂದ ಗಟಾರಕ್ಕೆ. ಹೆಕ್ಸೇನ್ ಪೆಟ್ರೋಲಿನ ಜಾತಿಯದು. ಒಂದು ಕಿಡಿ ತಾಗಿದರೆ ಮುಗಿಯಿತು. ಗೇಟಿನಲ್ಲಿಯೇ ಬೀಡಿ, ಕಡ್ಡಿಪೆಟ್ಟಿಗೆ ಇಸಿದುಕೊಳ್ಳುತ್ತಿದ್ದರು.

ಅರಿವೆಯ ವಿಷಯಕ್ಕೆ ಬರುತ್ತೇನೆ. ಫಿಲ್ಟರಿನ ಅರಿವೆಗಳನ್ನು ಬಿಸಿನೀರಲ್ಲಿ ಅದ್ದಿ ಬಂಡೆಗೆ ಬಡಿದು ತೊಳೆಯುವುದು ರೂಢಿ. ತೌಡಿನ ಎಣ್ಣೆಯಲ್ಲಿ ಮೇಣದ ಅಂಶವಿರುವುದರಿಂದ ಜಿಡ್ಡು ಹೋಗುತ್ತಿರಲಿಲ್ಲ. ಸೋಡಾ ಹಾಕಿದರೆ ನೂಲು ಹಾಳಾಗುತ್ತದೆ. ಹೆಂಗಸರೊಳಗೆ ಹಿರಿಯಳಾದ ದೊಡ್ಡವ್ವ ಒಂದು ಅರಿವೆಯನ್ನು ತಂದು ನನ್ನ ಮೇಜಿನ ಮೇಲೆ ನಿಲ್ಲಿಸಿದಳು. ಅದು ನಿಂತೇ ಇತ್ತು! “ನೋಡ್ರಿ ಅಕ್ಕಾರ, ಇದನ್ನ ತೊಳಿಯೂದಂದ್ರ ಕಲ್ಲು ತೊಳದಂಗ ಆಗೇತಿ. ನನ್ನ ರಟ್ಟಿ ಬಿದ್ದು ಹೋಗ್ಯಾವ,” ಎಂದಳು.

ನನಗೆ ಅಂಟವಾಳದ ನೆನಪಾಯಿತು. ಕಂಬಳಿ, ರೇಷ್ಮೆ ಸೀರೆ ತೊಳೆಯಲು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಕಾಯಿ. “ಅಂಟವಾಳ ಕುದಿಸಿ ಅದರ ನೀರಾಗ ತೊಳೀರಿ” ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಬೇಲಿಯ ಆಚೆ ಬೇವಿನ ಗಿಡದ ಕೆಳಗೆ ಹೆಂಗಸರನ್ನೆಲ್ಲ ಕೂರಿಸಿ ಪಾಠಕ್ಕೇ ನಿಂತೆ. ಎರಡು ಹಳೆಯ ಡಬ್ಬಿಗಳಿಗೆ ಮೊಳೆಯಿಂದ ತೂತು ಹೊಡೆದು, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಗಿಡಕ್ಕೆ ಕಟ್ಟಿದೆ. ದಾರದಷ್ಟು ಸಣ್ಣ ಧಾರೆ ಬೀಳುತ್ತಿತ್ತು. ಒಬ್ಬಳ ಒಣ ಕೂದಲಲ್ಲಿ ಬಾಚಣಿಕೆಯನ್ನು ಹತ್ತಾರು ಸಲ ಎಳೆದು ನೀರಿನ ಧಾರೆಯ ಹತ್ತಿರ ಹಿಡಿದೆ. ಧಾರೆ ಬಾಗಿ ಬಾಚಣಿಕೆಯ ಕಡೆಗೆ ಬಂತು. ಸೀಮೆಎಣ್ಣೆಯ ಧಾರೆಗೆ ಹಿಡಿದೆ. ಅದು ನೆಟ್ಟಗೆ ತನ್ನ ಪಾಡಿಗೆ ತಾನು ಬೀಳುತ್ತಿತ್ತು.

“ಮಾಟ ಏನ್ರಿ ಇದು?” ಎಂದಳು ದೊಡ್ಡವ್ವ.

ಮಾಟವಲ್ಲ. ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕದ ಪರಮಾಣುಗಳಿವೆ. ಅವು ಇಲೆಕ್ಟ್ರಾನುಗಳನ್ನು ಹಂಚಿಕೊಂಡು ಒಟ್ಟಿಗಿರುತ್ತವೆ, ಆದರೆ ಹಂಚಿಕೆ ಸಮನಾಗಿಲ್ಲ. ಆಮ್ಲಜನಕ ತನ್ನ ಕಡೆ ಹೆಚ್ಚು ಎಳೆದುಕೊಳ್ಳುತ್ತದೆ. ಎರಡು ಜಲಜನಕಗಳು ಎದುರುಬದುರಾಗಿ ಕೂತಿದ್ದರೆ ಆ ಎಳೆತ ಎರಡೂ ಕಡೆಯಿಂದ ಸರಿಹೋಗಿಬಿಡುತ್ತಿತ್ತು. ಅವು ಒಂದೇ ಪಕ್ಕಕ್ಕೆ ಬಾಗಿ ಕೂತಿರುವುದರಿಂದ ಅಣುವಿನ ಒಂದು ಬದಿ ತುಸು ಋಣ, ಇನ್ನೊಂದು ಬದಿ ತುಸು ಧನ. ಇಂಥ ಅಣುವನ್ನು ಧ್ರುವೀಯ ಎನ್ನುತ್ತೇವೆ. ವಿದ್ಯುತ್ ತುಂಬಿದ ಬಾಚಣಿಕೆ ಹತ್ತಿರ ಬಂದರೆ ಅದು ಎಳೆತಕ್ಕೆ ಸಿಗುತ್ತದೆ. ಸೀಮೆಎಣ್ಣೆ, ಹೆಕ್ಸೇನ್, ಅಡುಗೆ ಎಣ್ಣೆ ಇವುಗಳಲ್ಲಿ ಇಂಗಾಲ, ಜಲಜನಕಗಳ ಉದ್ದ ಸರಪಳಿ. ಇಂಗಾಲಕ್ಕೂ ಜಲಜನಕಕ್ಕೂ ಎಳೆಯುವ ಶಕ್ತಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಲ್ಲಿ ಬದಿ ಅನ್ನುವುದೇ ಇಲ್ಲ. ನನ್ನ ಕಪಾಟಿನಲ್ಲಿದ್ದ ಕಾರ್ಬನ್ ಟೆಟ್ರಾಕ್ಲೋರೈಡಿನದು ಮತ್ತೊಂದು ತಮಾಷೆ. ಅದರಲ್ಲಿ ನಾಲ್ಕು ಕ್ಲೋರಿನ್ನುಗಳು ಜೋರಾಗಿಯೇ ಎಳೆಯುತ್ತವೆ, ಆದರೆ ನಾಲ್ಕು ಮೂಲೆಯಿಂದ ಸಮನಾಗಿ ಎಳೆಯುವುದರಿಂದ ಯಾರೂ ಗೆಲ್ಲುವುದಿಲ್ಲ. ಎಳೆತ ಇದ್ದರೆ ಸಾಲದು, ಆಕಾರವೂ ಒಂದು ಕಡೆ ವಾಲಿರಬೇಕು. ಧ್ರುವೀಯವಾದ ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಹೆಕ್ಸೇನಿಗೆ ಆ ಗುಂಪಿನೊಳಗೆ ಜಾಗ ಸಿಗುವುದಿಲ್ಲ. ಆದ್ದರಿಂದ ಅವೆರಡೂ ಬೆರೆಯುವುದಿಲ್ಲ.

ಇಷ್ಟನ್ನೂ ಅವರಿಗೆ ಹೇಳಲಿಲ್ಲ. “ನೀರು ಒಂದು ಮನಿ, ಎಣ್ಣಿ ಒಂದು ಮನಿ. ಅವರ ಮನ್ಯಾಗ ಇವರು ಹೋಗಲ್ಲ. ಅಂಟವಾಳದ ಅಣುವಿಗೆ ಒಂದು ತುದಿ ಎಣ್ಣಿಗೆ ಒಗ್ಗೂದು, ಒಂದು ತುದಿ ನೀರಿಗೆ ಒಗ್ಗೂದು,” ಎಂದೆ.

“ಅಂದ್ರ ಎರಡೂ ಮನ್ಯಾಗ ಉಂಡು ಬರೋ ಬೀಗತಿ ಅನ್ರಿ,” ಎಂದಳು ದೊಡ್ಡವ್ವ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹೇಳಿದ್ದಕ್ಕಿಂತ ಅವಳು ಹೇಳಿದ್ದೇ ಚೆನ್ನಾಗಿತ್ತು.

ಅಂಟವಾಳ ಕೆಲಸ ಮಾಡಿತು. ಅರಿವೆಗಳು ಮೃದುವಾದವು, ಎಣ್ಣೆ ಸರಾಗವಾಗಿ ಇಳಿಯಿತು. ಎಲ್ಲರೆದುರು ಗದರುವುದೇ ಅಭ್ಯಾಸವಾಗಿದ್ದ ಆಂಧ್ರದ ಮ್ಯಾನೇಜರರು ಎಲ್ಲರೆದುರು “ಮಂಚಿ ಪನಿ ಚೇಸಾವಮ್ಮಾ, ಒಳ್ಳೇ ಕೆಲಸ” ಎಂದರು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಸೋಮವಾರ ಟ್ಯಾಂಕಿಗೆ ಇಳಿಬಿಟ್ಟ ಅಳತೆಕೋಲು ನಾಲ್ಕು ಬೆರಳು ಕಡಿಮೆ ತೋರಿಸಿತು. ಹೆಕ್ಸೇನ್ ಟ್ಯಾಂಕನ್ನು ನೋಡಿಕೊಳ್ಳುತ್ತಿದ್ದವರು ಕೊಪ್ಪಳದಾಚೆಯ ತಳಕಲ್ಲಿನಿಂದ ಬಂದ ಒಬ್ಬ ಹಿರಿಯರು. ಎಲ್ಲರಿಗೂ ಅವರು ಕಾಕಾ. ಬೀಗದಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಕೋಲಿಗೆ ಸೀಮೆಸುಣ್ಣ ಬಳಿದು ಇಳಿಸಿ, ಎತ್ತಿ ನನ್ನ ಮುಖದ ಹತ್ತಿರ ತಂದು, “ಲಗೂನ ನೋಡ್ರಿ ಅಕ್ಕಾರ, ಆರಿ ಹೊಂಟೈತಿ,” ಎಂದು ಅವಸರ ಮಾಡುವರು. ಒದ್ದೆಯಾದ ಸುಣ್ಣ ಮತ್ತೆ ಬೆಳ್ಳಗಾಗುವ ಮೊದಲು ಗೆರೆ ಓದಿಬಿಡಬೇಕು. ಆ ದಿನ ಎರಡು ಸಲ ಓದಿದೆ. ಅಷ್ಟೇ ಇತ್ತು. ಮರುದಿನ ಇನ್ನೂ ಕಡಿಮೆ.

“ಎಲ್ಲಿ ಹೋಗ್ತಾ ಇದೆ? ನೀವೇ ಹುಡುಕಿ ಬರೆದುಕೊಡಿ,” ಎಂದರು ಮ್ಯಾನೇಜರರು.

ನಾನು ಶಿಸ್ತಾಗಿ ಹುಡುಕಿದೆ. ಹೆಕ್ಸೇನ್ ತಪ್ಪಿಸಿಕೊಳ್ಳುವ ದಾರಿಗಳು ಎಣಿಸಿದಷ್ಟೇ. ಎಣ್ಣೆ ತೆಗೆದ ತೌಡಿನಲ್ಲಿ ಉಳಿದಿರಬಹುದು. ಪ್ರತಿ ಕೊಳಗದಿಂದ ಮಾದರಿ ತೆಗೆದು ಪರೀಕ್ಷಿಸಿದೆ, ಇರಲಿಲ್ಲ. ಎಣ್ಣೆಯಲ್ಲಿ ಉಳಿದಿರಬಹುದು. ಅಲ್ಲೂ ಇರಲಿಲ್ಲ. ಪೈಪಿನ ಜೋಡಣೆಗಳಲ್ಲಿ ಸೋರಬಹುದು. ಒಂದೊಂದಕ್ಕೂ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಮಂಡಿಯೂರಿ ಕೂತು ನೋಡಿದೆ. ಕಾಕಾ ನನ್ನ ಜೊತೆಗೇ ಬಕೀಟು ಹಿಡಿದು ಓಡಾಡಿದರು. ತಣಿಸುವ ಕೊಳವೆಗಳ ತುದಿಯಲ್ಲಿ ಆವಿ ಹೋಗುತ್ತಿದೆಯೋ ಎಂದು ಏಣಿ ಹತ್ತಿ ಮೂಸಿದೆ. ಎಲ್ಲೂ ಇಲ್ಲ.

ನೀರನ್ನು ಮಾತ್ರ ನೋಡಲಿಲ್ಲ. ಸೆಪರೇಟರಿನ ಕೆಳಗಿನಿಂದ ಹೋಗುವ ನೀರು ನೀರೇ, ಅದರಲ್ಲಿ ಹೆಕ್ಸೇನ್ ಇರಲು ಹೇಗೆ ಸಾಧ್ಯ? ಅವೆರಡೂ ಬೆರೆಯುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನೇ ಅಲ್ಲವೇ. ಗೊತ್ತಿಲ್ಲದವರು ಯಾರಾದರೂ ಆಗಿದ್ದರೆ ಅದನ್ನೂ ಒಮ್ಮೆ ನೋಡುತ್ತಿದ್ದರು.

ಕೊನೆಗೆ ದಾಖಲೆ ಪುಸ್ತಕದಲ್ಲಿ ಬರೆದೆ: ‘ಎಲ್ಲ ಹಂತಗಳನ್ನೂ ಪರೀಕ್ಷಿಸಿದೆ. ಯಂತ್ರಗಳಲ್ಲಿ ನಷ್ಟವಿಲ್ಲ. ನಷ್ಟ ಟ್ಯಾಂಕಿನ ಹಂತದಲ್ಲಿ ಆಗುತ್ತಿದೆ.’ ಕೆಳಗೆ ರುಜು ಹಾಕಿದೆ. ಬರೆಯುವಾಗ ಅದರ ಅರ್ಥ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಗೊತ್ತಿತ್ತು. ಟ್ಯಾಂಕಿನ ಬೀಗದಕೈ ಒಬ್ಬರ ಹತ್ತಿರ ಮಾತ್ರ ಇತ್ತು. ಗಂಗಾವತಿಯ ಗ್ಯಾರೇಜುಗಳಲ್ಲಿ ಮೋಟಾರಿನ ಬಿಡಿಭಾಗ ತೊಳೆಯಲು ಹೆಕ್ಸೇನ್ ಕೊಳ್ಳುವವರು ಇದ್ದರು. ಕಾಕಾನ ಅಂಗಿಯಿಂದ ಯಾವಾಗಲೂ ಅದರ ವಾಸನೆ ಬರುತ್ತಿತ್ತು. ಆ ಕೆಲಸ ಮಾಡುವ ಯಾರ ಅಂಗಿಯಿಂದಲಾದರೂ ಬರುತ್ತದೆ, ಆದರೆ ಆ ಹೊತ್ತಿಗೆ ಇವರೇ ಒಯ್ದು ಮಾರುತ್ತಿರಬಹುದು ಎಂದು ನನಗೂ ಅನ್ನಿಸಿತ್ತು.

ಶನಿವಾರ ಸಂಜೆ ಪಾಳಿ ಬದಲಾಗುವಾಗ ಗೇಟಿನಲ್ಲಿ ಕಾಕಾನನ್ನು ನಿಲ್ಲಿಸಿದರು. ಬೀಗದಕೈ ಇಸಿದುಕೊಂಡರು. ಅವರ ಕೈಚೀಲವನ್ನು ತಲೆಕೆಳಗು ಮಾಡಿ ಝಾಡಿಸಿದರು. ಒಂದು ತಂಬಿಗೆ, ಒಂದು ವಸ್ತ್ರ, ಮಧ್ಯಾಹ್ನ ಉಳಿದ ಎರಡು ರೊಟ್ಟಿ ಮಣ್ಣಿಗೆ ಬಿದ್ದವು. ಹೋಗುವ ಪಾಳಿಯವರೂ ಬರುವ ಪಾಳಿಯವರೂ ನಿಂತು ನೋಡಿದರು. ಕಾಕಾ ರೊಟ್ಟಿಯನ್ನು ಎತ್ತಿ ವಸ್ತ್ರದಿಂದ ಮಣ್ಣು ಒರೆಸಿ ಚೀಲಕ್ಕೆ ಹಾಕಿಕೊಂಡು ರಸ್ತೆಯ ಕಡೆ ನಡೆದರು. “ಸೋಮವಾರದಿಂದ ಬರಬೇಡಿ,” ಎಂದು ಮ್ಯಾನೇಜರರು ಹಿಂದಿನಿಂದ ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ನಾನು ಪ್ರಯೋಗಶಾಲೆಯ ಕಿಟಕಿಯಲ್ಲಿದ್ದೆ.

ಮಂಗಳವಾರ ಮುಂಜಾನೆ ದೊಡ್ಡವ್ವ ಒಂದು ಮಾತು ಹೇಳಿದಳು. ದೂರು ಹೇಳಲು ಬಂದದ್ದಲ್ಲ, ತೊಳೆದ ಅರಿವೆಗಳನ್ನು ಇಟ್ಟು ಹೋಗಲು ಬಂದಿದ್ದಳು. “ಗಟಾರದ ನೀರು ಎಮ್ಮಿ ಮುಟ್ಟವಲ್ಲವು ನೋಡ್ರಿ ಅಕ್ಕಾರ. ಮೂಸಿ ಹಿಂದಕ ಸರೀತಾವ. ಗುಂಡ್ಯಾಗಿನ ನೀರು ಮಜ್ಜಿಗಿ ಆದಂಗ ಆಗೇತಿ.”

ನಾನು ಒಂದು ಗಾಜಿನ ಜಾಡಿ ಹಿಡಿದು ಗುಂಡಿಯ ಹತ್ತಿರ ಹೋದೆ. ತೌಡಿನ ಧೂಳಿನಿಂದ ಆ ನೀರು ಯಾವಾಗಲೂ ಕದಡಿಕೊಂಡೇ ಇರುತ್ತಿತ್ತು. ಇದು ಹಾಗಿರಲಿಲ್ಲ. ಬೆಳ್ಳಗೆ, ಸಮನಾಗಿ, ನಿಜವಾಗಿಯೂ ಮಜ್ಜಿಗೆ. ಜಾಡಿಯನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷ ಕಾದೆ. ಏನೂ ಆಗಲಿಲ್ಲ. ಒಂದು ಮುಷ್ಟಿ ಉಪ್ಪು ಹಾಕಿ, ಜಾಡಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟೆ. ಉಪ್ಪು ಕರಗಿದಂತೆ ಬಿಳಿ ಒಡೆಯತೊಡಗಿತು. ಸ್ವಲ್ಪ ಹೊತ್ತಿಗೆ ಕೆಳಗೆ ನೀರು, ಮೇಲೆ ಒಂದು ಬೆರಳು ದಪ್ಪ ತಿಳಿಯಾದ ಪದರು. ಮೂಸುವುದೇ ಬೇಕಿರಲಿಲ್ಲ. ಮೂಸಿದೆ. ಹೆಕ್ಸೇನ್.

ಅಂದರೆ, ಇಷ್ಟು ದಿನ ಹೆಕ್ಸೇನ್ ಗಟಾರದಲ್ಲಿ ಹರಿದು ಗದ್ದೆಯ ಬದುವಿನ ತನಕ ಹೋಗಿದೆ. ಆ ಬದುವಿನ ಮೇಲೆ ಕೂತು ಬೀಡಿ ಹಚ್ಚುವವರು ಎಷ್ಟು ಜನ! ನಮ್ಮ ಗೇಟಿನ ನಿಯಮ ಅವರಿಗಿಲ್ಲ.

ಜಾಡಿಯ ಅಂಚಿನಲ್ಲಿ ಹೋಗದೆ ಉಳಿದ ನೊರೆಯನ್ನು ಬೆರಳಲ್ಲಿ ಉಜ್ಜಿದೆ. ಜಾರಿತು. ಅಂಟವಾಳ. ಅದು ಸೆಪರೇಟರಿಗೆ ಹೇಗೆ ಹೋಯಿತು ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಫಿಲ್ಟರನ್ನು ಬಿಚ್ಚುವ ಮೊದಲು ಅದರೊಳಗೆ ಉಗಿ ಹಾಯಿಸುವುದು ನಮ್ಮಲ್ಲಿ ಕಡ್ಡಾಯ. ಅರಿವೆಯಲ್ಲಿರುವ ಹೆಕ್ಸೇನ್ ಎಲ್ಲ ಹೋಗಲಿ, ಬಿಚ್ಚುವವರಿಗೆ ಅಪಾಯವಾಗದಿರಲಿ ಅಂತ. ಆ ಉಗಿಯ ನೀರು ಬಸಿದು ಸೆಪರೇಟರಿಗೇ ಬರುತ್ತದೆ.

ಬಂಡೆಯ ಹತ್ತಿರ ಓಡಿದೆ. “ದೊಡ್ಡವ್ವಾ, ಅಂಟವಾಳ ಹಾಕಿದ ಮ್ಯಾಲೆ ಎಷ್ಟು ನೀರಾಗ ಜಾಲಿಸ್ತೀರಿ?”

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಜಾಲ್ಸೂದೇನ್ರಿ? ಕಂಬಳಿ ತೊಳದಂಗ ತೊಳೀತೀವಿ. ಕೊನಿ ನೀರು ಹಿಂಡಬಾರದು, ಹಂಗ ನೆಳ್ಳಾಗ ಹಾಕಬೇಕು. ಹಿಂಡಿದ್ರ ಮತ್ತ ಬಿರಸ ಆಕ್ಕಾವ. ನಿಮ್ಮ ಮನ್ಯಾಗ ಹಂಗ ಮಾಡೂದಿಲ್ಲೇನು?”

ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಕಂಬಳಿಗೆ ಅದು ಸರಿ. ಇಲ್ಲಿ ಎರಡು ದಿನಕ್ಕೊಮ್ಮೆ ಅಂಟವಾಳ ಅರಿವೆಯ ತುಂಬ ಉಳಿದು ಫಿಲ್ಟರಿಗೆ ಹೋಗಿ, ಉಗಿಯಲ್ಲಿ ತೊಳೆದುಕೊಂಡು ಸೆಪರೇಟರಿಗೆ ಇಳಿಯುತ್ತಿತ್ತು. ಅಲ್ಲಿ ಹೆಕ್ಸೇನಿನ ಒಂದೊಂದು ಹನಿಯ ಸುತ್ತಲೂ ಅಂಟವಾಳದ ಅಣುಗಳು, ಎಣ್ಣೆಗೆ ಒಗ್ಗುವ ತುದಿ ಒಳಗೆ, ನೀರಿಗೆ ಒಗ್ಗುವ ತುದಿ ಹೊರಗೆ. ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಮೇಲೆ ಏಳಲು ಆಗದೆ, ನೀರಿನ ಜೊತೆಗೇ ಕೆಳಗಿನಿಂದ ಹೋಗುತ್ತಿದ್ದವು. ಬೆರೆಯದ ಎರಡನ್ನು ಬೆರೆಸುವುದು ಹೇಗೆ ಎಂದು ನಾನೇ ಕಲಿಸಿಕೊಟ್ಟಿದ್ದೆ.

ಮೊದಲು ಇಬ್ಬರನ್ನು ಕರೆದು ಗಟಾರದ ಬಾಯಿಗೆ ಮಣ್ಣಿನ ಒಡ್ಡು ಹಾಕಿಸಿದೆ. ಗದ್ದೆಯ ಕಡೆ ಒಬ್ಬರನ್ನು ಕಳಿಸಿ, ಬದುವಿನ ಹತ್ತಿರ ಯಾರೂ ಬೆಂಕಿ ಹಚ್ಚಬಾರದು ಎಂದು ಹೇಳಿಸಿದೆ. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಮೇಲೆ ಪ್ರಯೋಗಶಾಲೆಗೆ ಬಂದು ಕೂತೆ.

ಸುಮ್ಮನೆ ಅಂಟವಾಳ ನಿಲ್ಲಿಸಿಬಿಡುವುದು ಬಹಳ ಸುಲಭವಿತ್ತು. ‘ನಾಳೆಯಿಂದ ಬಿಸಿನೀರಾಗ ತೊಳೀರಿ’ ಅಂದರೆ ಸಾಕು. ಸೆಪರೇಟರ್ ತಿಳಿಯಾಗುತ್ತಿತ್ತು, ಟ್ಯಾಂಕಿನ ಅಳತೆ ಸರಿಹೋಗುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅಳತೆ ಸರಿಹೋದ ದಿನ ಮ್ಯಾನೇಜರರು ಏನೆನ್ನುತ್ತಾರೆ? ಕಳ್ಳ ಹೋದ, ಕಳ್ಳತನ ನಿಂತಿತು ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು. ತಳಕಲ್ಲಿನಲ್ಲಿ ಕೂತ ಆ ಮನುಷ್ಯ ಸಾಯುವ ತನಕ ಕಳ್ಳನೇ. ನನ್ನ ತಪ್ಪನ್ನು ಮುಚ್ಚುವ ಕೈಯೇ ಅವರ ಮೇಲಿನ ಅಪವಾದಕ್ಕೆ ಮುದ್ರೆ ಒತ್ತುತ್ತಿತ್ತು. ಹೇಳಿದರೆ ನನ್ನ ಕೆಲಸ ಹೋಗಬಹುದು. ಹೆಣ್ಣುಮಗಳು ಕಾರ್ಖಾನೆಯಲ್ಲಿ ಏನು ಮಾಡಿಯಾಳು ಎಂದು ಮೊದಲ ದಿನದಿಂದ ಅನ್ನುತ್ತಿದ್ದವರಿಗೆ ಹಬ್ಬ. ನನಗೆ ಭಯವಾಯಿತು. ಒಂದು ತಾಸು ಹಾಗೇ ಕೂತಿದ್ದೆ, ಜಾಡಿಯನ್ನು ನೋಡುತ್ತ. ಆಮೇಲೆ ಅದನ್ನೇ ಎತ್ತಿಕೊಂಡು ಮ್ಯಾನೇಜರರ ಕೋಣೆಗೆ ಹೋದೆ.

ಅವರು ನಂಬಲಿಲ್ಲ. “ನೀರು, ಹೆಕ್ಸೇನ್ ಬೆರೆಯೋದಿಲ್ಲ ಅಂತ ನೀವೇ ತಾನೇ ಅಂದಿದ್ದು?” ಎಂದರು.

“ತೋರಸ್ತೀನ್ರಿ ಸರ್. ಎರಡು ಸಲ ಫಿಲ್ಟರ್ ನಡಸೂಣು. ನೀವು ಸೆಪರೇಟರ್ ಮುಂದ ನಿಂತು ನೋಡ್ರಿ.”

ಬುಧವಾರ ಬೆಳಿಗ್ಗೆ ನಡೆಸಿದೆವು. ಗುಂಡಿಗೆ ಹೋಗುವ ನೀರನ್ನು ಪೂರ್ತಿ ಪೀಪಾಯಿಗಳಲ್ಲಿ ಹಿಡಿದೆವು, ಒಂದು ಹನಿಯೂ ಹೊರಗೆ ಹೋಗದ ಹಾಗೆ. ಮೊದಲು ಏಳು ನೀರಿನಲ್ಲಿ ಜಾಲಿಸಿ ಹಿಂಡಿದ ಅರಿವೆಗಳು. ಫಿಲ್ಟರ್ ನಡೆಯಿತು, ಕೊನೆಗೆ ಉಗಿ ಹಾಯಿಸಿದೆವು. ಸೆಪರೇಟರಿನ ಪಕ್ಕದಲ್ಲಿ ಒಳಗಿನದು ಕಾಣಲು ಒಂದು ಗಾಜಿನ ಕೊಳವೆ ಇರುತ್ತದೆ. ಹಿಂದಿನ ಕೊಳೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಂತರ ಕೊಳವೆಯಲ್ಲಿ ಮೇಲೆ ಹೆಕ್ಸೇನ್, ಕೆಳಗೆ ನೀರು, ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ.

ಮಧ್ಯಾಹ್ನ ಎರಡನೆಯ ಸಲ. ಅಂಟವಾಳದಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿದ ಅರಿವೆಗಳು. ಉಗಿ ಬಿಟ್ಟ ಕಾಲು ತಾಸಿನಲ್ಲಿ ಗೆರೆ ಮಸುಕಾಯಿತು. ಆಮೇಲೆ ಗೆರೆಯ ಜಾಗದಲ್ಲಿ ಬಿಳಿಯ ಪಟ್ಟಿ. ಅದು ಗೇಣು ಅಗಲವಾಗಿ ಕೆಳಗೆ ಇಳಿಯುತ್ತ ಹೋಯಿತು. ಪೀಪಾಯಿಗೆ ಮಜ್ಜಿಗೆ ಬಿತ್ತು. ಅದರಲ್ಲಿ ಒಂದು ಜಾಡಿ ತೆಗೆದು ಉಪ್ಪು ಹಾಕಿ, ಬಿಸಿನೀರಿನಲ್ಲಿ ಇಟ್ಟು ಒಡೆಸಿ, ಮೇಲಿನ ಪದರನ್ನು ಮ್ಯಾನೇಜರರಿಗೆ ತೋರಿಸಿದೆ. ಅವರು ಬೆರಳು ಅದ್ದಿ ಗಾಳಿಗೆ ಹಿಡಿದರು. ತಣ್ಣಗಾಗಿ ಕ್ಷಣದಲ್ಲಿ ಆರಿತು. ನೀರಾಗಿದ್ದರೆ ಅಷ್ಟು ಬೇಗ ಆರುತ್ತಿರಲಿಲ್ಲ.

“ಎವರಮ್ಮಾ ಇದಿ ಚೆಪ್ಪಿಂದಿ? ಅಂಟವಾಳ ಹಾಕಿ ಅಂತ ಯಾರು ಹೇಳಿದ್ದು?” ಅರಿವೆ ಹಿಡಿದು ನಿಂತಿದ್ದ ಹೆಂಗಸರ ಕಡೆ ತಿರುಗಿ ಕೇಳಿದರು.

ದೊಡ್ಡವ್ವ ನನ್ನ ಮುಖ ನೋಡಲಿಲ್ಲ. “ನಾವ ಹಾಕಿದ್ವಿರಿ ಸಾಹೇಬ್ರ. ತೊಳಿಯವ್ರು ನಾವ ಅಲ್ಲೇನ್ರಿ,” ಎಂದಳು. ದಿನಗೂಲಿಯವಳು. ನನ್ನನ್ನು ಉಳಿಸಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ನನಗೆ ಅಳು ಬಂತು, ನಾಚಿಕೆಯೂ ಆಯಿತು.

“ನಾನು ಹೇಳಿದ್ದು ಸರ್,” ಎಂದೆ. “ಜಾಲಿಸಬೇಕು ಅಂತ ಹೇಳದೇ ಬಿಟ್ಟದ್ದೂ ನಾನೇ. ನೀರು ಪರೀಕ್ಷಿಸದೆ, ನಷ್ಟ ಟ್ಯಾಂಕಿನದು ಅಂತ ಬರೆದು ರುಜು ಹಾಕಿದ್ದೂ ನಾನೇ.”

ಮ್ಯಾನೇಜರರು ಬಯ್ಯುತ್ತಾರೆಂದು ಕಾದೆ. ಅವರು ಆ ಬಿಳಿ ಪಟ್ಟಿಯ ಕಡೆ ತಿರುಗಿದರು. ಅವರ ಮುಖವೂ ಇಳಿದಿತ್ತು, ಚೀಲ ಝಾಡಿಸಲು ಹೇಳಿದವರು ಅವರಲ್ಲವೇ. “ನೀವೇ ಹೋಗಿ ಆ ಮನುಷ್ಯನ್ನ ಕರಕೊಂಡು ಬನ್ನಿ. ನಿಮ್ಮ ವಿಷಯ ಆಮೇಲೆ ನೋಡೋಣ,” ಎಂದು ಹೊರಟುಹೋದರು.

ಗುರುವಾರ ಗಂಗಾವತಿಯಿಂದ ಕೊಪ್ಪಳಕ್ಕೆ ಒಂದು ಬಸ್ಸು, ಅಲ್ಲಿಂದ ತಳಕಲ್ಲಿಗೆ ಇನ್ನೊಂದು. ಕಾಲುವೆಯ ಹಸಿರು ಕೊಪ್ಪಳದ ಹೊತ್ತಿಗೇ ಮುಗಿದು, ಆಚೆ ಬರೀ ಬಿಳಿಜೋಳದ ಹೊಲಗಳು. ಕಾಕಾ ಹೊಲದಲ್ಲಿದ್ದರು. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು, ಕಂಬಳಿ ಹಾಸಿ ಕೂರಿಸಿ, ತಂಬಿಗೆಯಲ್ಲಿ ನೀರು ಕೊಟ್ಟು, ಹಸಿ ಕಡಲೆಗಿಡ ಕಿತ್ತು ಮುಂದಿಟ್ಟರು. ಬಂದವರು ಯಾರೇ ಆಗಲಿ ಮೊದಲು ನೀರು, ಆಮೇಲೆ ಮಾತು.

ನಾನು ಎಲ್ಲವನ್ನೂ ಹೇಳಿದೆ. ಅಂಟವಾಳ, ಉಗಿ, ಮಜ್ಜಿಗೆ. ಅವರು ಕಡಲೆ ಸುಲಿಯುತ್ತ ಕೇಳಿದರು. ನಡುವೆ ಒಂದೇ ಪ್ರಶ್ನೆ: “ಉಗಿ ಬಸಿಯೂ ಪೈಪು ಸೆಪರೇಟರಿಗೆ ಹೋಗ್ತೈತೆಲ್ಲ, ಅದರಿಂದ ಏನ್ರಿ?” ಮ್ಯಾನೇಜರರಿಗೆ ಎರಡು ದಿನ ಹಿಡಿದದ್ದು ಅವರಿಗೆ ಒಂದೇ ಸಲಕ್ಕೆ ತಿಳಿಯಿತು.

“ಹೌದ್ರಿ ಕಾಕಾ.”

“ಹಂಗಾರ ಸರಿ.” ಕೈಯಲ್ಲಿದ್ದ ಕಡಲೆ ಕೆಳಗಿಟ್ಟರು. “ನಿಮಗೂ ಹಂಗ ಅನಿಸಿತ್ತೇನ್ರಿ ಅಕ್ಕಾರ? ನಾನು ಒಯ್ದೀನಿ ಅಂತ?”

ಇಲ್ಲ ಎನ್ನಬಹುದಿತ್ತು. ಬಕೀಟು ಹಿಡಿದು ನನ್ನ ಹಿಂದೆ ಓಡಾಡಿದ ಮನುಷ್ಯನ ಮುಖ ನೋಡಿ ಸುಳ್ಳು ಹೇಳಲು ಆಗಲಿಲ್ಲ. “ಅನಿಸಿತ್ರಿ,” ಎಂದೆ.

ಅವರು ತಲೆಯಾಡಿಸಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

“ನಾಳಿಂದ ಬರ್ರಿ ಕಾಕಾ. ಸಾಹೇಬ್ರ ಹೇಳಿ ಕಳಿಸ್ಯಾರ.”

“ಹೊಟ್ಟಿಗೆ ಹೊಲ ಐತ್ರಿ. ಕೆಲಸ ಬೇಕಂತ ನಾ ಬರೂದಿಲ್ಲ,” ಎಂದರು. “ನನ್ನ ಚೀಲ ಗೇಟಿನ್ಯಾಗ ಝಾಡಿಸ್ಯಾರ. ಎರಡೂ ಪಾಳಿಯವ್ರು ನೋಡ್ಯಾರ. ನೀವು ಇಲ್ಲಿ ಬಂದು ನನ್ನ ಹೊಲದಾಗ ಹೇಳಿದ್ರ ಈ ಕಡ್ಲಿ ಗಿಡಕ್ಕ ಕೇಳಿಸ್ತು, ಅಷ್ಟ. ಗೇಟಿನ್ಯಾಗ ಆಗಿದ್ದು ಗೇಟಿನ್ಯಾಗ ಹೋಗಬೇಕು. ಪುಸ್ತಕದಾಗ ಏನು ಬರದೀರಿ, ಅದನ್ನ ತಿದ್ದಿ ಅಲ್ಲಿ ನಿಂತು ಓದ್ರಿ. ನನಗ ಓದಾಕ ಬರೂದಿಲ್ಲ, ಕೇಳಾಕ ಬರ್ತೈತಿ.”

ಶನಿವಾರ ಸಂಜೆ, ಪಾಳಿ ಬದಲಾಗುವ ಹೊತ್ತು. ಕಾಕಾ ಗೇಟಿನ ಹೊರಗೆ ನಿಂತಿದ್ದರು, ಕೈಯಲ್ಲಿ ಅದೇ ಚೀಲ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೋಗುವವರು, ಬರುವವರು ಏನೋ ನಡೆಯಲಿದೆ ಎಂದು ನಿಂತರು. ಬಾಯ್ಲರಿನ ಕಡೆಯವರು ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮ್ಯಾನೇಜರರು ತಮ್ಮ ಕೋಣೆಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತರು. ಅದನ್ನು ನಾನು ಅವರಿಂದ ನಿರೀಕ್ಷಿಸಿರಲಿಲ್ಲ.

ಹಳೆಯ ಸಾಲುಗಳ ಮೇಲೆ ಗೀಟು ಎಳೆದು, ಕೆಳಗೆ ಹೊಸದಾಗಿ ಬರೆದಿದ್ದೆ. ದಾಖಲೆ ಪುಸ್ತಕ ತೆರೆದು ಓದಿದೆ. ಹೆಕ್ಸೇನ್ ಟ್ಯಾಂಕಿನಿಂದ ಹೋಗಿಲ್ಲ, ಸೆಪರೇಟರಿನ ನೀರಿನ ಜೊತೆ ಹೋಗಿದೆ. ಅರಿವೆ ತೊಳೆಯಲು ಅಂಟವಾಳ ಹಾಕಿಸಿದವಳು ಕೆಮಿಸ್ಟ್. ನೀರನ್ನು ಪರೀಕ್ಷಿಸದೆ ಟ್ಯಾಂಕಿನ ಮೇಲೆ ತಪ್ಪು ಹೊರಿಸಿ ಬರೆದವಳೂ ಅವಳೇ. ಟ್ಯಾಂಕ್ ನೋಡಿಕೊಳ್ಳುವವರ ತಪ್ಪು ಇದರಲ್ಲಿ ಏನೂ ಇಲ್ಲ. ಕೊನೆಯ ಸಾಲಿಗೆ ಬರುವಾಗ ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು. ಪುಸ್ತಕ ಮುಚ್ಚಿದೆ.

ಕಾಕಾ ಗೇಟಿನ ಆಚೆಯೇ ನಿಂತಿದ್ದರು.

“ಇನ್ನೊಮ್ಮೆ ಓದ್ರಿ ಅಕ್ಕಾರ,” ಎಂದರು. “ಬಾಯ್ಲರ್ ಕಡಿ ಇದ್ದವ್ರಿಗೆ ಕೇಳ್ಸಿಲ್ಲ.”

ನಾನು ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಓದಿದೆ.